ಡಾಂಬರು ಬಿಟ್ಟು ಗಾಡಿ ಇಳಿಸುವ ಮುನ್ನ

ಹಿಮಾಲಯನ್, ಎಕ್ಸ್‌ಪಲ್ಸ್, ಥಾರ್‌ನಂಥ ಗಾಡಿಗಳು ಬಂದ ಮೇಲೆ ನಮ್ಮ ಬಳ್ಳಾರಿ ಸೀಮೆಯ ಕೊಳಗಲ್ಲಿನ ಬಂಡಿದಾರಿ, ಕಾಲುವೆ ಏರಿ, ಕುರುಗೋಡಿನ ಗುಡ್ಡ ಎಲ್ಲವೂ ಹುಡುಗರ ಕಣ್ಣಿಗೆ ಆಫ್‌ರೋಡ್ ಮೈದಾನಗಳೇ. ‘ರೋಡೇ ಅಲ್ಲದ ಕಡೆ ಯಾವ ಕಾನೂನು?’ ಎಂದು ಕೇಳುವವರಿದ್ದಾರೆ. ಆದರೆ ಡಾಂಬರಿನಾಚೆಯ ಪ್ರತಿ ಗುಂಟೆಗೂ ಒಡೆಯರಿದ್ದಾರೆ: ರೈತ, ಪಂಚಾಯಿತಿ, ನೀರಾವರಿ ಇಲಾಖೆ, ಅರಣ್ಯ ಇಲಾಖೆ. ಒಡೆಯ ಬದಲಾದಂತೆ ಅನ್ವಯಿಸುವ ಕಾಯ್ದೆಯೂ ಬದಲಾಗುತ್ತದೆ.

ಹಾಗಾಗಿ ಮೊದಲು ನೆಲ ಯಾರದೆಂದು ನೋಡಿಕೊಳ್ಳಿ. ಭೂಮಾಪನ ಇಲಾಖೆಯ ‘ದಿಶಾಂಕ್’ ಆ್ಯಪ್ ನೀವು ನಿಂತ ಜಾಗದ ಸರ್ವೆ ನಂಬರ್ ತೋರಿಸುತ್ತದೆ. ಗ್ರಾಮ ನಕಾಶೆಯಲ್ಲಿ ಬಂಡಿದಾರಿಗೆ ಜೋಡಿ ಚುಕ್ಕೆಗೆರೆ, ಕಾಲುದಾರಿಗೆ ಒಂಟಿ ಚುಕ್ಕೆಗೆರೆ ಇರುತ್ತದೆ. ಪಹಣಿಯಲ್ಲಿ ‘ಬಿ ಖರಾಬು’ ಎಂದಿದ್ದರೆ ಅದು ದಾರಿ, ಹಳ್ಳದಂಥ ಸಾರ್ವಜನಿಕ ಬಳಕೆಗೆ ಬಿಟ್ಟ ನೆಲ. ನಕಾಶೆಯ ಬಂಡಿದಾರಿಯಲ್ಲಿ ಹೋಗಿಬರಲು ಯಾರೂ ಅಡ್ಡಿ ಮಾಡುವಂತಿಲ್ಲ. ಅದರ ಪಕ್ಕಕ್ಕೆ ಇಳಿದರೆ ರೈತನ ಹೊಲ, ಕೇಳಿಯೇ ಇಳಿಯಬೇಕು. ನಮ್ಮದು ಎರೆ ಭೂಮಿ. ಮಳೆ ಬಿದ್ದ ಮರುದಿನ ಇಳಿದರೆ ಮಣ್ಣು ಮಡ್‌ಗಾರ್ಡ್‌ ಒಳಗೆ ಮೆತ್ತಿ ಗಾಲಿಯೇ ತಿರುಗುವುದಿಲ್ಲ. ಗಾಲಿ ಬಿಟ್ಟ ಕೊರಕಲು ಒಣಗಿ ಗಟ್ಟಿಯಾದರೆ ಮುಂದೆ ಎತ್ತಿನ ಕಾಲು ಉಳುಕುವುದು ಅಲ್ಲೇ. ಸುಗ್ಗಿಯಲ್ಲಿ ಕಣದ ತುಂಬ ಹರಡಿದ ಮೆಣಸಿನಕಾಯಿ ಒಂದು ಮನೆಯ ವರ್ಷದ ದುಡಿಮೆ. ನಷ್ಟವಾಗುತ್ತದೆಂದು ಗೊತ್ತಿದ್ದೂ ಬೆಳೆಯ ಮೇಲೆ ಹಾಯಿಸಿದರೆ ಭಾರತೀಯ ನ್ಯಾಯ ಸಂಹಿತೆಯ 324ನೇ ಕಲಂ ಬೀಳುತ್ತದೆ. ನಷ್ಟ 20 ಸಾವಿರದಿಂದ 1 ಲಕ್ಷದೊಳಗಿದ್ದರೆ 2 ವರ್ಷದವರೆಗೆ ಜೈಲು, ಇಲ್ಲವೇ ದಂಡ, ಅಥವಾ ಎರಡೂ.

ಕಾಲುವೆ ಏರಿಯ ಮಾತು ಬೇರೆ. ಅದು ನೀರಾವರಿ ಇಲಾಖೆಯವರು ನೀರು, ತೂಬು ನೋಡಿಕೊಂಡು ಓಡಾಡಲು ಬಿಟ್ಟ ದಾರಿ. 2022ರ ಸೆಪ್ಟೆಂಬರಿನಲ್ಲಿ ಕೊಳಗಲ್ಲು ಬಳಿ ಕೂಲಿಕಾರರಿದ್ದ ಆಟೊ ತುಂಗಭದ್ರಾ ಕಾಲುವೆಗೆ ಉರುಳಿ ಹೆಣ್ಣುಮಕ್ಕಳು ಪ್ರಾಣ ಬಿಟ್ಟರು. ಹೊಟ್ಟೆಪಾಡಿಗೆ ಹೊರಟವರ ಜೀವವೇ ಹೋದ ಜಾಗದಲ್ಲಿ ಮೋಜಿಗಾಗಿ ವೇಗ ಪರೀಕ್ಷಿಸುವುದು ಬೇಡ.

ಸಾರ್ವಜನಿಕರಿಗೆ ಹೋಗಿಬರುವ ಹಕ್ಕಿರುವ ಯಾವ ದಾರಿಯೂ ಮೋಟಾರು ವಾಹನ ಕಾಯ್ದೆಯಲ್ಲಿ ‘ಸಾರ್ವಜನಿಕ ಸ್ಥಳ’ವೇ. ಬಂಡಿದಾರಿಯಲ್ಲೂ ಲೈಸೆನ್ಸ್, ಆರ್‌ಸಿ, ವಿಮೆ, ಹೆಲ್ಮೆಟ್ ಬೇಕು. ನೋಂದಣಿಯಾಗದ ಎಟಿವಿ, ಮೋಟೋಕ್ರಾಸ್ ಬೈಕುಗಳನ್ನು ಅಲ್ಲಿ ಓಡಿಸುವಂತಿಲ್ಲ. ಕಾಯ್ದೆಗೆ ವಿರುದ್ಧವಾಗಿ ಗಾಡಿಯನ್ನು ಮಾರ್ಪಡಿಸಿದರೆ ಪ್ರತಿ ಬದಲಾವಣೆಗೆ 5 ಸಾವಿರ ರೂಪಾಯಿ ದಂಡ, ಇಲ್ಲವೇ 6 ತಿಂಗಳವರೆಗೆ ಜೈಲು, ಅಥವಾ ಎರಡೂ. ತಂದೆತಾಯಿಗಳು ಮುಖ್ಯವಾಗಿ ತಿಳಿಯಬೇಕಾದ್ದು 199ಎ ಕಲಂ: 18 ತುಂಬದ ಮಗ ಓಡಿಸಿ ಅಪರಾಧವಾದರೆ ಪೋಷಕರಿಗೆ ಅಥವಾ ಗಾಡಿಯ ಮಾಲೀಕರಿಗೆ 3 ವರ್ಷದವರೆಗೆ ಜೈಲು, 25 ಸಾವಿರ ದಂಡ, ಗಾಡಿಯ ನೋಂದಣಿ 12 ತಿಂಗಳು ರದ್ದು, ಆ ಹುಡುಗನಿಗೆ 25 ತುಂಬುವವರೆಗೆ ಲೈಸೆನ್ಸಿಲ್ಲ. ‘ಹೊಲಕ್ಕೆ ಹೋಗಿಬರಲಿ’ ಎಂದು ಕೀಲಿ ಕೊಡುವ ಮುಂಚೆ ಇದನ್ನು ನೆನಪಿಡಿ. ಪಂದ್ಯ, ವೇಗ ಪರೀಕ್ಷೆಗೆ ಸಾಮಾನ್ಯ ವಿಮಾ ಪಾಲಿಸಿ ಅನ್ವಯಿಸುವುದಿಲ್ಲ.

ಸಂಡೂರಿನ ಮೀಸಲು ಅರಣ್ಯಕ್ಕೆ ಅನುಮತಿಯಿಲ್ಲದೆ ನುಗ್ಗುವುದು ಅಪರಾಧ. ದರೋಜಿ ಕರಡಿಧಾಮದಲ್ಲಿ ವನ್ಯಜೀವಿ ಕಾಯ್ದೆ ಇನ್ನೂ ಬಿಗಿ: ಉಲ್ಲಂಘನೆಗೆ 3 ವರ್ಷದವರೆಗೆ ಜೈಲು, ಇಲ್ಲವೇ 1 ಲಕ್ಷದವರೆಗೆ ದಂಡ, ಅಥವಾ ಎರಡೂ. ನಮ್ಮ ಗುಡ್ಡಗಳಲ್ಲಿ ಇತಿಹಾಸವೂ ಇದೆ. ಸಂಗನಕಲ್ಲಿನಲ್ಲಿ ನವಶಿಲಾಯುಗದವರು ಕಲ್ಲಿನ ಕೊಡಲಿ ಮಾಡುತ್ತಿದ್ದರು; ಕೊಳಗಲ್ಲಿನ 967ರ ಶಾಸನ ರಾಷ್ಟ್ರಕೂಟ ಮುಮ್ಮಡಿ ಕೃಷ್ಣನ ಮರಣವನ್ನು ಹೇಳುತ್ತದೆ. ಕೇಂದ್ರ ಸಂರಕ್ಷಿತ ಸ್ಮಾರಕಕ್ಕೆ ಹಾನಿ ಮಾಡಿದರೆ 2 ವರ್ಷದವರೆಗೆ ಜೈಲು ಅಥವಾ 1 ಲಕ್ಷದವರೆಗೆ ದಂಡ.

ಪೊಲೀಸರು ತಡೆದು ನಿಲ್ಲಿಸಿದರೆ ವಾಗ್ವಾದ ಬೇಡ. ಡಿಜಿಲಾಕರ್‌ನಲ್ಲಿರುವ ದಾಖಲೆ ಸಾಕು. ಲೈಸೆನ್ಸ್ ವಶಕ್ಕೆ ಪಡೆದರೆ ಸ್ವೀಕೃತಿ ಪತ್ರ ಕೇಳಿ ಪಡೆಯಿರಿ. ಅದು ನಿಮ್ಮ ಹಕ್ಕು. ದಂಡ ಕಟ್ಟಿದರೆ ರಸೀದಿ ಪಡೆಯಿರಿ, ಒಪ್ಪದಿದ್ದರೆ ನ್ಯಾಯಾಲಯದಲ್ಲಿ ಪ್ರಶ್ನಿಸಿ.

ಯಾರಾದರೂ ಬಿದ್ದು ಗಾಯಗೊಂಡರೆ 112 ಅಥವಾ 108ಕ್ಕೆ ಕರೆ ಮಾಡಿ. ನೆರವಿಗೆ ಬಂದವರಿಗೆ ಮೋಟಾರು ವಾಹನ ಕಾಯ್ದೆಯ 134ಎ ಕಲಂ ರಕ್ಷಣೆ ಕೊಡುತ್ತದೆ. ಹೆಸರು ಹೇಳಲೇಬೇಕೆಂದು ಅವರನ್ನು ಒತ್ತಾಯಿಸುವಂತಿಲ್ಲ. 2025ರ ನಗದುರಹಿತ ಚಿಕಿತ್ಸಾ ಯೋಜನೆಯಲ್ಲಿ ರಸ್ತೆ ಅಪಘಾತದ ಗಾಯಾಳುವಿಗೆ 7 ದಿನಗಳವರೆಗೆ ಒಂದೂವರೆ ಲಕ್ಷ ರೂಪಾಯಿವರೆಗಿನ ಚಿಕಿತ್ಸೆ ಸಿಗುತ್ತದೆ. ಪರಿಹಾರದ ಅರ್ಜಿಗೆ ಕಾಯ್ದೆ ಕೊಟ್ಟಿರುವ ಅವಧಿ ಅಪಘಾತದ ದಿನದಿಂದ 6 ತಿಂಗಳು. ವಕೀಲರನ್ನಿಡಲು ಶಕ್ತಿಯಿಲ್ಲದವರು ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರಕ್ಕೆ ಹೋಗಬಹುದು, ಇಲ್ಲವೇ 15100ಕ್ಕೆ ಕರೆ ಮಾಡಬಹುದು.