ರಕ್ಷಕರ ಪಾಠಶಾಲೆ

ಬಹುಕಾಲ ಬಳಸದೆ ಬಿಟ್ಟ ಬಾವಿಯ ಹೂಳೆತ್ತಲು ಇಳಿದವನೊಬ್ಬನು ಪ್ರಜ್ಞೆ ತಪ್ಪಿ ಬೀಳುತ್ತಾನೆ. ಅವನನ್ನು ಎತ್ತಿ ತರಲೆಂದು ತಮ್ಮನು ಇಳಿಯುತ್ತಾನೆ. ಅವನೂ ಮೇಲಕ್ಕೆ ಬರುವುದಿಲ್ಲ. ಮೂರನೆಯವನಾಗಿ ನೆರೆಮನೆಯವನು ಇಳಿಯುತ್ತಾನೆ. ಇಂತಹ ವಾರ್ತೆಗಳನ್ನು ನಾವು ವೃತ್ತಪತ್ರಿಕೆಗಳಲ್ಲಿ ಮತ್ತೆ ಮತ್ತೆ ಓದಿದ್ದೇವೆ. ಮೊದಲನೆಯವನನ್ನು ಕೊಂದುದು ಬಾವಿಯ ತಳದಲ್ಲಿ ಮಡುಗಟ್ಟಿ ನಿಂತಿದ್ದ ಕೆಟ್ಟ ಗಾಳಿ. ಉಳಿದಿಬ್ಬರನ್ನು ಕೊಂದುದು ಯಾವುದು? ಅದೇ ಗಾಳಿ ಎಂದರೆ ಅರ್ಧ ಉತ್ತರವಾಯಿತು. ಅವರ ಧೈರ್ಯಕ್ಕೆ ತಿಳಿವಳಿಕೆಯ ಜೊತೆಯಿರಲಿಲ್ಲವೆಂಬುದೇ ಉಳಿದರ್ಧ. ಹಿಂದಿನವರು ಮೊದಲು ಹಗ್ಗಕ್ಕೆ ಕಟ್ಟಿದ ದೀಪವನ್ನು ಇಳಿಬಿಟ್ಟು, ಅದು ನಂದಿದರೆ ತಾವು ಇಳಿಯುತ್ತಿರಲಿಲ್ಲ. ಉರಿಯುವ ಅನಿಲವಿದ್ದಲ್ಲಿ ದೀಪವೇ ಅಪಾಯಕಾರಿಯಾದುದರಿಂದ ಇಂದು ಆ ಕೆಲಸಕ್ಕೆ ಅನಿಲಮಾಪಕ ಯಂತ್ರಗಳಿವೆ. ಉಪಕರಣ ಬದಲಾಗಿದೆ, ನಿಯಮ ಬದಲಾಗಿಲ್ಲ. ನೋಡಿ ಇಳಿ ಎಂಬುದೇ ಆ ನಿಯಮ.

ಬಾವಿಯಲ್ಲಿ ನಡೆಯುವ ಈ ದುರಂತವು ಒಂದು ಮಹಾನಗರದಲ್ಲಿಯೇ ನಡೆದರೆ ಏನಾದೀತು? ೧೯೯೫ನೆಯ ಮಾರ್ಚ್ ೨೦ರಂದು ಜಪಾನಿನ ಟೋಕಿಯೋ ನಗರವು ಇದಕ್ಕೆ ಉತ್ತರ ಕಂಡಿತು. ಅಂದು ಬೆಳಗ್ಗೆ ಜನರು ಕೆಲಸಕ್ಕೆ ಹೊರಟ ಹೊತ್ತಿನಲ್ಲಿ ಓಂ ಶಿನ್ರಿಕ್ಯೊ ಎಂಬ ಪಂಥದವರು ಐದು ಸುರಂಗ ರೈಲುಗಳಲ್ಲಿ ಸಾರಿನ್ ಎಂಬ ದ್ರವವಿಷದ ಪೊಟ್ಟಣಗಳನ್ನು ಚುಚ್ಚಿ ಹೋದರು. ಹನ್ನೆರಡಕ್ಕೂ ಹೆಚ್ಚು ಜನರು ಮಡಿದರು. ಐದು ಸಾವಿರಕ್ಕೂ ಹೆಚ್ಚು ಜನರು ಆಸ್ಪತ್ರೆಗಳಿಗೆ ಧಾವಿಸಿದರು. ಮಡಿದವರಲ್ಲಿ ಇಬ್ಬರು, ಆ ಪೊಟ್ಟಣವನ್ನು ಗಾಡಿಯಿಂದ ತೆಗೆದುಹಾಕಲು ಹೋದ ನಿಲ್ದಾಣದ ನೌಕರರು. ನೆರವಿಗೆ ಹೋದ ೧,೩೬೪ ಮಂದಿ ಅಗ್ನಿಶಾಮಕ ಸಿಬ್ಬಂದಿಯಲ್ಲಿ ೧೩೫ ಮಂದಿ ತಾವೇ ವಿಷಕ್ಕೆ ಗುರಿಯಾದರು. ಮೊದಲ ದಿನವೇ ೬೪೦ ರೋಗಿಗಳನ್ನು ಕಂಡ ಒಂದು ಆಸ್ಪತ್ರೆಯಲ್ಲಿ ಬಳಿಕ ವಿಚಾರಿಸಿ ನೋಡಲಾಗಿ, ಸಿಬ್ಬಂದಿಯಲ್ಲಿ ನಾಲ್ಕನೆಯ ಒಂದಂಶಕ್ಕೆ ಸಮೀಪದಷ್ಟು ಜನರಿಗೆ ವಿಷದ ಲಕ್ಷಣಗಳು ತೋರಿದ್ದುದು ತಿಳಿದುಬಂದಿತು. ಅವರಾರೂ ಸುರಂಗಕ್ಕೆ ಇಳಿದವರಲ್ಲ. ರೋಗಿಗಳ ಉಡುಪಿನಲ್ಲಿ ಹಿಡಿದುಕೊಂಡು ಬಂದ ವಿಷದ ಆವಿಯೇ ಅವರನ್ನು ಮುಟ್ಟಿತ್ತು.

ಈ ವಿಷದ ಬಗೆ

೧೯೩೮ರಲ್ಲಿ ಜರ್ಮನಿಯ ರಸಾಯನವಿಜ್ಞಾನಿಗಳು ಕೀಟನಾಶಕಗಳನ್ನು ಹುಡುಕುತ್ತಿದ್ದಾಗ ಸಾರಿನ್ ದೊರೆಯಿತು. ನಮ್ಮ ಹೊಲಗಳಲ್ಲಿ ಸಿಂಪಡಿಸುವ ರಂಜಕಮೂಲದ ಕೀಟನಾಶಕಗಳಿಗೂ ಇದಕ್ಕೂ ನಂಟಸ್ತಿಕೆಯುಂಟು. ನರವು ಸ್ನಾಯುವಿಗೆ ಆಜ್ಞೆ ಕೊಡುವಾಗ ಅಸಿಟೈಲ್‌ಕೋಲಿನ್ ಎಂಬ ವಸ್ತುವು ದೂತನಂತೆ ಹೋಗುತ್ತದೆ. ಕೆಲಸ ಮುಗಿದೊಡನೆ ಒಂದು ಕಿಣ್ವವು ಈ ದೂತನನ್ನು ಒಡೆದುಹಾಕುತ್ತದೆ. ಸಾರಿನ್ ಆ ಕಿಣ್ವವನ್ನೇ ಕಟ್ಟಿಹಾಕುತ್ತದೆ. ಆಗ ಆಜ್ಞೆ ನಿಲ್ಲುವುದೇ ಇಲ್ಲ. ಕಣ್ಣಿನ ಪಾಪೆ ಸೂಜಿಯ ಮೊನೆಯಷ್ಟಕ್ಕೆ ಕುಗ್ಗುತ್ತದೆ. ಕಣ್ಣೀರು, ಜೊಲ್ಲು ಹರಿಯುತ್ತವೆ. ಕೊನೆಗೆ ಉಸಿರಾಟದ ಸ್ನಾಯುಗಳು ಸೋಲುತ್ತವೆ. ಇದಕ್ಕೆ ಮದ್ದು ಇಲ್ಲದಿಲ್ಲ. ಅಟ್ರೊಪಿನ್ ಮತ್ತು ಪ್ರಾಲಿಡಾಕ್ಸಿಮ್ ಎಂಬ ಔಷಧಗಳನ್ನು ಬೇಗನೆ ಕೊಟ್ಟರೆ ಪ್ರಾಣ ಉಳಿಯಬಹುದು. ನಮ್ಮ ಬೀದಿಯಂಚಿನ ಉಮ್ಮತ್ತದ ಗಿಡದಲ್ಲಿಯೂ ಅಟ್ರೊಪಿನ್ನಿನ ಕುಲದ ಕ್ಷಾರವಸ್ತುಗಳಿವೆ ಎಂಬುದು ಸೋಜಿಗದ ಸಂಗತಿ. ಆದರೆ ಮದ್ದನ್ನು ಹಿಡಿದು ಹೋದವನೇ ಕೆಳಗೆ ಬಿದ್ದರೆ ಫಲವೇನು?

ಆನಿಸ್ಟನ್ನಿನ ಶಾಲೆ

ಟೋಕಿಯೋವಿನ ಪಾಠವನ್ನು ಗಂಭೀರವಾಗಿ ಗ್ರಹಿಸಿದ ದೇಶಗಳಲ್ಲಿ ಅಮೆರಿಕವೂ ಒಂದು. ಅದೇ ೧೯೯೫ರ ಏಪ್ರಿಲ್ ತಿಂಗಳಲ್ಲಿ ಓಕ್ಲಹೋಮ ನಗರದ ಸರಕಾರೀ ಕಟ್ಟಡವೊಂದು ಬಾಂಬಿಗೆ ತುತ್ತಾಗಿ ೧೬೮ ಮಂದಿ ಸತ್ತಿದ್ದರು. ಅಲಬಾಮ ಸಂಸ್ಥಾನದ ಆನಿಸ್ಟನ್ ಎಂಬ ಊರಿನ ಬಳಿ ಸೇನೆಯು ತನ್ನ ಯೋಧರಿಗೆ ರಾಸಾಯನಿಕ ಯುದ್ಧದ ಎದುರು ರಕ್ಷಣೆಯನ್ನು ಕಲಿಸುತ್ತಿದ್ದ ಮೆಕ್ಲೆಲನ್ ಕೋಟೆಯಿತ್ತು. ೧೯೯೯ರಲ್ಲಿ ಆ ಸೇನಾನೆಲೆ ಮುಚ್ಚಿತು. ಅದಕ್ಕೆ ಮುನ್ನವೇ, ೧೯೯೮ರ ಜೂನ್ ತಿಂಗಳಲ್ಲಿ, ಅಲ್ಲಿ ನಾಗರಿಕ ರಕ್ಷಕರಿಗಾಗಿ ಒಂದು ಶಿಕ್ಷಣಕೇಂದ್ರ ತೆರೆಯಿತು. ೨೦೦೭ರಲ್ಲಿ ಅದು ಕೇಂದ್ರ ಸರಕಾರದ ವಿಪತ್ತು ನಿರ್ವಹಣಾ ಸಂಸ್ಥೆಯ ಆಡಳಿತಕ್ಕೆ ಬಂದಿತು. ಅಗ್ನಿಶಾಮಕರು, ಪೊಲೀಸರು, ಆಂಬುಲೆನ್ಸಿನವರು, ವೈದ್ಯರು, ದಾದಿಯರು, ಇವರೇ ಅಲ್ಲಿನ ವಿದ್ಯಾರ್ಥಿಗಳು.

ಅಲ್ಲಿ ಕಲಿಸುವ ಪಾಠಗಳಲ್ಲಿ ನಾಲ್ಕನ್ನು ನಾವು ಇಲ್ಲಿ ವಿಚಾರ ಮಾಡೋಣ.

ಮೊದಲನೆಯದು ನಿಲ್ಲುವ ಪಾಠ. ಸಾರಿನ್ನಿನ ಆವಿಯು ಗಾಳಿಗಿಂತ ಸುಮಾರು ಐದು ಪಟ್ಟು ಭಾರ. ಆದುದರಿಂದ ಅದು ತಗ್ಗಿಗೆ ಹರಿಯುತ್ತದೆ. ರಕ್ಷಕನು ಗಾಳಿ ಬೀಸಿ ಬರುವ ದಿಕ್ಕಿನಲ್ಲಿ, ಎತ್ತರದ ಜಾಗದಲ್ಲಿ ನಿಂತು, ವಿಷವಿರುವ ವಲಯ, ತೊಳೆಯುವ ವಲಯ, ನಿರ್ಮಲ ವಲಯ ಎಂದು ನೆಲವನ್ನು ಮೂರಾಗಿ ವಿಂಗಡಿಸಿಕೊಳ್ಳಬೇಕು.

ಎರಡನೆಯದು ತೊಡುವ ಪಾಠ. ಸೋಸುವ ಮುಖವಾಡವು ವಿಷವನ್ನು ತಡೆಯಬಲ್ಲದೇ ಹೊರತು ಆಮ್ಲಜನಕವನ್ನು ಹುಟ್ಟಿಸಲಾರದು. ಪಾಳುಬಾವಿಯಂತಹ ಜಾಗದಲ್ಲಿ ಅದು ನಿಷ್ಪ್ರಯೋಜಕ. ಅಲ್ಲಿ ಬೆನ್ನಿಗೆ ಗಾಳಿಯ ಸಿಲಿಂಡರೇ ಬೇಕು. ಇನ್ನು ಮೈಮುಚ್ಚುವ ರಕ್ಷಾಕವಚವು ವಿಷವನ್ನು ಒಳಗೆ ಬಿಡದಂತೆಯೇ ಬೆವರಿನ ಆವಿಯನ್ನು ಹೊರಗೂ ಬಿಡದು. ಬೆವರು ಆರದಿದ್ದರೆ ದೇಹ ತಣಿಯದು. ಆದಕಾರಣ ಕವಚದೊಳಗಿನ ಕೆಲಸಕ್ಕೆ ನಿಮಿಷಗಳ ಲೆಕ್ಕವುಂಟು.

ಮೂರನೆಯದು ತೊಳೆಯುವ ಪಾಠ. ವಿಷ ಸೋಂಕಿದವನ ಹೊರಯುಡುಪನ್ನು ಕಳಚಿದ ಮಾತ್ರಕ್ಕೆ ಮೈಮೇಲಿನ ವಿಷದ ಬಹುಪಾಲು ಹೋಗುತ್ತದೆ. ಧಾರಾಳವಾದ ನೀರು ಉಳಿದುದನ್ನು ತೊಳೆಯುತ್ತದೆ. ಇಷ್ಟು ಸರಳವಾದ ಕ್ರಮವನ್ನು ಆಸ್ಪತ್ರೆಯ ಬಾಗಿಲಿನ ಹೊರಗೇ ನಡೆಸಿದ್ದರೆ ಟೋಕಿಯೋವಿನಲ್ಲಿ ಎಷ್ಟೋ ವೈದ್ಯರೂ ದಾದಿಯರೂ ಪಾರಾಗುತ್ತಿದ್ದರು.

ನಾಲ್ಕನೆಯದು ಆರಿಸುವ ಪಾಠ. ನೂರು ಮಂದಿ ಗಾಯಾಳುಗಳು ಒಮ್ಮೆಗೇ ಬಂದರೆ ಮೊದಲು ಯಾರಿಗೆ ಚಿಕಿತ್ಸೆ? ಗಟ್ಟಿಯಾಗಿ ಕೂಗುವವನಿಗಲ್ಲ, ಕ್ಷಣದಲ್ಲಿ ನೆರವಾಗದಿದ್ದರೆ ಉಳಿಯದವನಿಗೆ. ಸೇನೆಯ ಹಳೆಯ ಆಸ್ಪತ್ರೆಯ ಕಟ್ಟಡದಲ್ಲಿ, ಗೊಂಬೆಗಳನ್ನೂ ನಟರನ್ನೂ ರೋಗಿಗಳನ್ನಾಗಿ ಮಾಡಿಕೊಂಡು, ಇದರ ಅಭ್ಯಾಸ ನಡೆಸಲಾಯಿತು.

ಈ ಶಾಲೆಯ ಹೆಸರುವಾಸಿಗೆ ಮತ್ತೊಂದು ಕಾರಣವಿದೆ. ಭದ್ರವಾಗಿ ಮುಚ್ಚಿದ ಕೊಠಡಿಗಳಲ್ಲಿ ನಿಜವಾದ ನರವಿಷವನ್ನೇ ಇಟ್ಟು, ಕವಚ ತೊಟ್ಟ ವಿದ್ಯಾರ್ಥಿಗಳಿಂದ ಅದನ್ನು ಪತ್ತೆ ಮಾಡಿಸುವ ಪದ್ಧತಿ ಅಲ್ಲಿ ರೂಢಿಗೆ ಬಂದಿತು. ಬಣ್ಣದ ನೀರಿನಿಂದ ಕಲಿಸಬಾರದೆ ಎಂದು ಓದುಗರು ಕೇಳಬಹುದು. ಬಣ್ಣದ ನೀರು ಕೈಗೆ ಕಲಿಸುತ್ತದೆ, ಎದೆಗೆ ಕಲಿಸುವುದಿಲ್ಲ. ತನ್ನ ಕವಚ ತನ್ನನ್ನು ಕಾಯಿತೆಂದು ಒಮ್ಮೆ ಅನುಭವದಿಂದ ಕಂಡವನು, ಗಂಡಾಂತರದ ದಿನ ಭಯಕ್ಕೆ ಬುದ್ಧಿಯನ್ನು ಒಪ್ಪಿಸುವುದಿಲ್ಲ.

ವೆಚ್ಚ ಯಾರದು?

ಅಮೆರಿಕದ ಅಗ್ನಿಶಾಮಕರಲ್ಲಿ ಹೆಚ್ಚಿನವರು ಸಂಬಳವಿಲ್ಲದ ಸ್ವಯಂಸೇವಕರು. ಹಗಲು ಅಂಗಡಿಯನ್ನೋ ಹೊಲವನ್ನೋ ನೋಡಿಕೊಂಡು, ಗಂಟೆ ಬಾರಿಸಿದಾಗ ಓಡಿಬರುವವರು. ವಿಷದ ಟ್ಯಾಂಕರು ಮಗುಚಿ ಬೀಳಲು ಮಹಾನಗರವೇ ಬೇಕೆಂದಿಲ್ಲ; ಹೆದ್ದಾರಿಯ ಬದಿಯ ಕುಗ್ರಾಮವೂ ಸಾಕು. ಆದರೆ ಇಂತಹ ಶಿಕ್ಷಣದ ವೆಚ್ಚವನ್ನು ಕುಗ್ರಾಮವು ಹೊರಲಾರದು. ಆದುದರಿಂದ ಸಂಸ್ಥಾನಗಳಿಂದಲೂ ಊರುಗಳಿಂದಲೂ ಬರುವ ರಕ್ಷಕರ ಶಿಕ್ಷಣ, ಪ್ರಯಾಣ, ಊಟ, ವಸತಿಗಳ ಖರ್ಚನ್ನು ಕೇಂದ್ರ ಸರಕಾರವೇ ವಹಿಸುವ ಕ್ರಮವನ್ನು ಅಲ್ಲಿ ಏರ್ಪಡಿಸಲಾಯಿತು. ಉಚಿತವೆಂದರೆ ಬೆಲೆಯಿಲ್ಲದುದೆಂದು ಅರ್ಥವಲ್ಲ. ಆ ಬೆಲೆಯನ್ನು ದೇಶದ ತೆರಿಗೆದಾರರೆಲ್ಲರೂ ಕೂಡಿ ತೆತ್ತರೆಂದು ಅರ್ಥ. ಕಲಿತವನು ತನ್ನೂರಿಗೆ ಮರಳಿ ಹತ್ತು ಮಂದಿಗೆ ಹೇಳಿಕೊಟ್ಟರೆ ಆ ಹಣಕ್ಕೆ ಬಡ್ಡಿಯೂ ಬಂದಂತೆಯೇ.

ನಮ್ಮ ದೇಶಕ್ಕೂ ಈ ವಿಚಾರ ಹೊಸದಲ್ಲ. ನಾಗಪುರದಲ್ಲಿ ೧೯೫೭ರಲ್ಲಿಯೇ ತುರ್ತು ಪರಿಹಾರ ಕಾರ್ಯದ ಶಿಕ್ಷಣಸಂಸ್ಥೆಯೊಂದು ಸ್ಥಾಪಿತವಾಯಿತು. ೧೯೮೪ರ ಡಿಸೆಂಬರಿನಲ್ಲಿ ಭೋಪಾಲದ ಜನರ ಮೇಲೆ ವಿಷಾನಿಲ ಕವಿದ ರಾತ್ರಿ, ಯಾವ ಕಡೆಗೆ ಓಡಬೇಕೆಂದು ಹೇಳುವವರಿಲ್ಲದೆ ಸಾವಿರಾರು ಮಂದಿ ಗಾಳಿ ಬೀಸಿದ ಕಡೆಗೇ ಓಡಿದರು. ೨೦೦೬ರಲ್ಲಿ ರಾಷ್ಟ್ರೀಯ ವಿಪತ್ತು ಸ್ಪಂದನಾ ಪಡೆ ರೂಪುಗೊಂಡಿತು. ೨೦೧೬ರಲ್ಲಿ ಸಾಮಾನ್ಯ ನಾಗರಿಕರಿಗೂ ಇಂತಹ ಶಿಕ್ಷಣ ಕೊಡುವ ‘ಆಪದ ಮಿತ್ರ’ ಯೋಜನೆ ಮಂಜೂರಾಯಿತು.

ಪಡೆಗಳು ಎಷ್ಟೇ ಸಮರ್ಥವಾಗಿರಲಿ, ಅವು ಬಂದು ತಲುಪುವ ಮುನ್ನ ಅಪಘಾತದ ಸ್ಥಳದಲ್ಲಿ ಇರುವವರು ನಾವೇ. ಅಂದು ಬಾವಿಯ ಕಟ್ಟೆಯ ಮೇಲೆ ನಿಂತವರಲ್ಲಿ ಒಬ್ಬನಾದರೂ “ನಿಲ್ಲಿ, ಮೊದಲು ಗಾಳಿಯನ್ನು ಪರೀಕ್ಷಿಸೋಣ” ಎಂದಿದ್ದರೆ, ತಮ್ಮನೂ ನೆರೆಮನೆಯವನೂ ಉಳಿಯುತ್ತಿದ್ದರು. ಆ ಒಂದು ಮಾತನ್ನು ಸಕಾಲದಲ್ಲಿ ಆಡುವಂತೆ ಮಾಡುವುದೇ ಇಂತಹ ಶಿಕ್ಷಣದ ಸಾರ.