ಬಿಳಿ ಚೆಂಡು ಕಲಿಸುವ ಪಾಠಗಳು

'ಜಿಮ್ಮಿ ವೈಟ್ಸ್ ವರ್ಲ್‌ವಿಂಡ್ ಸ್ನೂಕರ್' 1991ರಲ್ಲಿ ಅಮಿಗಾ ಮತ್ತು ಅಟಾರಿ ಎಸ್‌ಟಿ ಕಂಪ್ಯೂಟರ್‌ಗಳಿಗೆ ಬಂದ ಬ್ರಿಟಿಷ್ ಆಟ. ರಚಿಸಿದವರು ಆರ್ಚರ್ ಮೆಕ್ಲೀನ್, ಪ್ರಕಟಿಸಿದ್ದು ವರ್ಜಿನ್ ಗೇಮ್ಸ್. ಅದಕ್ಕೂ ಹಿಂದಿನ ಎಷ್ಟೋ ಸ್ನೂಕರ್ ಆಟಗಳು ಟೇಬಲನ್ನು ನೇರ ಮೇಲಿನಿಂದ ಮಾತ್ರ ತೋರಿಸುತ್ತಿದ್ದವು. ಇದರಲ್ಲಿ ಆಟಗಾರ ಟೇಬಲ್ಲಿನ ಸುತ್ತ ತಿರುಗಿ, ಬಿಳಿ ಚೆಂಡಿನ ಹಿಂದೆ ನಿಂತು ಗುರಿ ನೋಡಬಹುದು.

ಸ್ನೂಕರ್‌ನಲ್ಲಿ 15 ಕೆಂಪು, 6 ಬಣ್ಣದ ಚೆಂಡು ಮತ್ತು ಒಂದು ಬಿಳಿ ಸೇರಿ ಒಟ್ಟು 22. ಕೆಂಪಿನ ಗುಂಪು ಚದುರಿದಾಗ ಹಲವು ಚೆಂಡುಗಳು ಒಟ್ಟಿಗೆ ಓಡಿ, ಒಂದಕ್ಕೊಂದು ತಾಗಿ, ಕುಶನ್‌ಗೆ ಬಡಿದು ಮರಳುತ್ತವೆ. ಅಮಿಗಾ 500ರ ಪ್ರೊಸೆಸರ್ ವೇಗ ಸುಮಾರು 7 ಮೆಗಾಹರ್ಟ್ಸ್. ಅಷ್ಟರಲ್ಲೇ ಈ ಓಟವನ್ನು ನಂಬುವಂತೆ ತೋರಿಸಿದ್ದು ದೊಡ್ಡ ಸಾಧನೆ. ಆದ್ದರಿಂದಲೇ ಇಲ್ಲಿ ಕಲಿತದ್ದು ನಿಜವಾದ ಟೇಬಲ್ಲಿಗೂ ಸಲ್ಲುತ್ತದೆ.

ಮೊದಲ ಪಾಠ ಗುರಿಯದು. ತಾಗಿಸಿಕೊಂಡ ಚೆಂಡು ಓಡುವುದು, ತಾಗಿದ ಕ್ಷಣದಲ್ಲಿ ಎರಡೂ ಚೆಂಡುಗಳ ಕೇಂದ್ರಗಳನ್ನು ಸೇರಿಸುವ ಗೆರೆಯಲ್ಲಿ. ಬಿಳಿಯ ಮಧ್ಯವನ್ನು ಕೆಂಪಿನ ಅಂಚಿಗೆ ಗುರಿಯಿಟ್ಟರೆ ಕೆಂಪು ಸುಮಾರು 30 ಡಿಗ್ರಿ ಓರೆಯಾಗಿ ಹೋಗುತ್ತದೆ. ಈ ಹೊಡೆತ ಕಣ್ಣಿಗೆ ಕೂತರೆ ಉಳಿದ ಕೋನಗಳ ಅಂದಾಜು ಸುಲಭ.

ಎರಡನೆಯದು ಸ್ಪಿನ್. ಬಿಳಿ ಚೆಂಡಿನ ಯಾವ ಭಾಗಕ್ಕೆ ಕ್ಯೂ ತಾಗಬೇಕೆಂದು ಆಟಗಾರನೇ ಆರಿಸಬೇಕು. ಬಿಳಿ, ಕೆಂಪು, ಪಾಕೆಟ್ ಮೂರೂ ಒಂದೇ ಸಾಲಿನಲ್ಲಿ, ಚೆಂಡುಗಳು ಹತ್ತಿರವಿದ್ದಾಗ, ನಡುವೆ ಗಟ್ಟಿಯಾಗಿ ಹೊಡೆದರೆ ಬಿಳಿ ತಾಗಿದಲ್ಲೇ ನಿಲ್ಲುತ್ತದೆ. ಮೇಲೆ ಹೊಡೆದರೆ ಕೆಂಪಿನ ಬೆನ್ನು ಹಿಡಿಯುತ್ತದೆ, ಕೆಳಗೆ ಹೊಡೆದರೆ ಹಿಂದಕ್ಕೆ ಬರುತ್ತದೆ. ದೂರ ಹೆಚ್ಚಿದಂತೆ ಬಟ್ಟೆಯ ಘರ್ಷಣೆ ಹಿಮ್ಮುಖ ಸುತ್ತನ್ನು ಕಡಿಮೆ ಮಾಡುತ್ತದೆ. ಆಗ ಇನ್ನೂ ಕೆಳಗೆ, ಇನ್ನೂ ಬಲವಾಗಿ ಹೊಡೆಯಬೇಕು.

ಮೂರನೆಯದು, ಎಲ್ಲಕ್ಕಿಂತ ಮುಖ್ಯವಾದದ್ದು, ಮುಂದಿನ ಹೊಡೆತ. ಕೆಂಪಿಗೆ 1 ಅಂಕ, ಅದರ ಬೆನ್ನಿಗೆ ಕಪ್ಪು ಬಿದ್ದರೆ 7. ಬಿಳಿ ಸರಿಯಾದ ಜಾಗದಲ್ಲಿ ನಿಲ್ಲದಿದ್ದರೆ ಬ್ರೇಕ್, ಅಂದರೆ ಸತತವಾಗಿ ಚೆಂಡು ಬೀಳಿಸುವ ಸರಣಿ, ಅಲ್ಲಿಗೇ ಮುಗಿಯುವುದೇ ಹೆಚ್ಚು. ಬಿಳಿ ಎಲ್ಲಿ ನಿಲ್ಲಬೇಕೆಂದು ಮೊದಲು ತೀರ್ಮಾನಿಸಿ, ಆಮೇಲೆ ಸ್ಪಿನ್ ಮತ್ತು ಬಲವನ್ನು ಹೊಂದಿಸುವುದು ಸರಿಯಾದ ಕ್ರಮ. ಈ ಲೇಖಕನ ಆಟ ಕುದುರಿದ್ದು ಈ ಕ್ರಮ ರೂಢಿಯಾದ ಮೇಲೆಯೇ.

ಚೆಂಡುಗಳನ್ನು ಬೇಕಾದಲ್ಲಿ ಇಟ್ಟುಕೊಳ್ಳುವ ಸೌಲಭ್ಯವೂ ಆಟದಲ್ಲಿದೆ. ಕಲಿಯುವವರು ಒಂದು ಕೆಂಪು, ಒಂದು ಕಪ್ಪು ಇಟ್ಟು, ಒಂದೇ ಹೊಡೆತವನ್ನು ಬೇರೆ ಬೇರೆ ಸ್ಪಿನ್‌ನಲ್ಲಿ ಹೊಡೆದು ನೋಡಬೇಕು. ಕ್ಯೂ ಹಿಡಿಯುವ ಕೈಯ ಹದ ಮೌಸ್‌ನಿಂದ ಬರುವುದಿಲ್ಲ, ಅದಕ್ಕೆ ನಿಜವಾದ ಟೇಬಲ್ಲೇ ಬೇಕು. ಹೊಡೆಯುವ ಮುಂಚಿನ ಯೋಚನೆಯನ್ನು ಮಾತ್ರ ಈ ಆಟ ಇಂದಿಗೂ ಚೆನ್ನಾಗಿ ಕಲಿಸುತ್ತದೆ.