ಸಂಬಳ ಮೊದಲೇ ಬೇಕೋ, ಸರಿಯಾಗಿ ಬೇಕೋ

ಸಂಬಳಕ್ಕೆ ಇನ್ನೂ ಹನ್ನೆರಡು ದಿನ ಬಾಕಿ ಇತ್ತು. ಅದರೊಳಗಿನ ಹತ್ತು ಸಾವಿರ ರೂಪಾಯಿಯನ್ನು ಮೊದಲೇ ಪಡೆಯಲು ಆ ಹುಡುಗಿ ಕೊಟ್ಟದ್ದು 235 ರೂಪಾಯಿ. ಊರು ತಿಪಟೂರು, ವಯಸ್ಸು ಇಪ್ಪತ್ಮೂರು, ವೈಟ್‌ಫೀಲ್ಡಿನ ಕಂಪನಿಯೊಂದರಲ್ಲಿ ಎರಡನೇ ವರ್ಷದ ನೌಕರಿ. ಈ ಅಂಕಣಕಾರನಿಗೆ ಅಕ್ಕನ ಮಗಳು. ಹಳೆಯ ಪಿ.ಜಿ.ಯವರು ಡೆಪಾಸಿಟ್ ವಾಪಸ್ ಕೊಡುವ ಮೊದಲೇ ಹೊಸ ಪಿ.ಜಿ.ಗೆ ದುಡ್ಡು ಕಟ್ಟಬೇಕಾಗಿ ಬಂತು. ಅಪ್ಪನನ್ನು ಕೇಳಲು ಮನಸ್ಸಾಗಲಿಲ್ಲ. ಕಂಪನಿಯೇ ಗೊತ್ತುಮಾಡಿಕೊಟ್ಟಿದ್ದ ಆ್ಯಪ್ ತೆರೆದಳು, ದುಡಿದ ದಿನಗಳ ಸಂಬಳ ಇಷ್ಟಾಗಿದೆ ಎಂದು ಅದು ತೋರಿಸಿತು, ಒತ್ತಿದಳು. ಎರಡು ನಿಮಿಷದಲ್ಲಿ ಹಣ ಖಾತೆಯಲ್ಲಿತ್ತು.

ವಿಷಯ ಗೊತ್ತಾಗಿ ಕೇಳಿದಾಗ ಅವಳ ಉತ್ತರ ಸ್ಪಷ್ಟವಾಗಿತ್ತು: "ಮಾಮ, ಅದು ಸಾಲ ಅಲ್ಲ. ನಾನು ದುಡಿದಿರೋ ದುಡ್ಡೇ. ತಿಂಗಳ ಕೊನೇವರೆಗೂ ಅವರತ್ರ ಯಾಕಿರ್ಬೇಕು?"

ಈ ಮಾತಿನ ಕೊನೆಯ ಪ್ರಶ್ನೆ ನ್ಯಾಯವಾದದ್ದು, ಅದಕ್ಕೆ ಆಮೇಲೆ ಬರೋಣ. ಮೊದಲು 235 ರೂಪಾಯಿಯ ಲೆಕ್ಕ. ಸೇವಾ ಶುಲ್ಕ 149, ತಕ್ಷಣ ವರ್ಗಾವಣೆಗೆ 50, ಎರಡೂ ಸೇರಿದ 199ರ ಮೇಲೆ ಶೇ 18 ಜಿಎಸ್‌ಟಿ. ಹತ್ತು ಸಾವಿರಕ್ಕೆ 235 ಎಂದರೆ ಶೇ 2.35. ಕೇಳಿದರೆ ಯಾರಿಗೂ ಗಾಬರಿಯಾಗದ ಸಂಖ್ಯೆ. ಆದರೆ ಇದು ವರ್ಷದ ದರವಲ್ಲ, ತಿಂಗಳ ದರವೂ ಅಲ್ಲ, ಹನ್ನೆರಡು ದಿನದ್ದು. ವರ್ಷದಲ್ಲಿ ಇಂಥ ಹನ್ನೆರಡು ದಿನಗಳು ಮೂವತ್ತು ಸಲಕ್ಕಿಂತ ಸ್ವಲ್ಪ ಹೆಚ್ಚೇ ಬರುತ್ತವೆ. 2.35ನ್ನು 30.4ರಿಂದ ಗುಣಿಸಿದರೆ 71 ದಾಟುತ್ತದೆ. ವರ್ಷಕ್ಕೆ ಶೇ 71. ಬಾಕಿ ಉಳಿಸಿಕೊಂಡ ಕ್ರೆಡಿಟ್ ಕಾರ್ಡಿಗೆ ತಿಂಗಳಿಗೆ ಶೇ 3.5 ಬಿದ್ದರೂ ವರ್ಷಕ್ಕೆ 42 ಆಗುತ್ತದೆ. ಬ್ಯಾಂಕಿನಲ್ಲಿ ಒಂದು ಜೊತೆ ಓಲೆ ಅಡವಿಟ್ಟಿದ್ದರೆ ಇದರ ಐದರಲ್ಲೊಂದು ಭಾಗದಷ್ಟೂ ಬಡ್ಡಿ ಆಗುತ್ತಿರಲಿಲ್ಲ.

ಒಂದೇ ಸಲವಾಗಿದ್ದರೆ 235 ರೂಪಾಯಿ ಹೋಯಿತು ಎಂದು ಬಿಟ್ಟುಬಿಡಬಹುದಿತ್ತು. ಅವಳ ಕೈಗೆ ಬರುವ ಸಂಬಳ 32,000. ಆ ತಿಂಗಳ ಕೊನೆಯಲ್ಲಿ ಖಾತೆಗೆ ಬಿದ್ದದ್ದು 22,000. ಪಿ.ಜಿ. ಬಾಡಿಗೆ, ಊರಿಗೆ ಕಳಿಸುವುದು, ಫೋನಿನ ಇಎಂಐ ಮುಗಿಯುವಷ್ಟರಲ್ಲಿ ಹದಿನೆಂಟನೇ ತಾರೀಖು ಬಂತು, ಮತ್ತೆ ಹತ್ತು ಸಾವಿರ ಬೇಕಾಯಿತು. ಮರುತಿಂಗಳೂ ಅದೇ ಕಥೆ. ಹೀಗೆ ವರ್ಷವಿಡೀ ನಡೆದರೆ ಶುಲ್ಕವೇ 2,820 ರೂಪಾಯಿ. ಇಲ್ಲಿ ಗಮನಿಸಬೇಕಾದದ್ದು ಇಷ್ಟು: ಮೊದಲ ತಿಂಗಳ ನಂತರ ಅವಳಿಗೆ ಹೊಸದಾಗಿ ಒಂದು ರೂಪಾಯಿಯೂ ಸಿಕ್ಕಿಲ್ಲ. ಡೆಪಾಸಿಟ್‌ಗೆ ಬೇಕಾದ ಹತ್ತು ಸಾವಿರ ಮೊದಲ ಸಲವೇ ಸಿಕ್ಕಿತು. ಆಮೇಲೆ ಪ್ರತಿ ತಿಂಗಳು ತೆಗೆಯುವುದು ಹಿಂದಿನ ತಿಂಗಳು ಮುರಿದುಕೊಂಡದ್ದರಿಂದ ಆದ ಹಳ್ಳ ತುಂಬಲು. ಅದೇ ಹತ್ತು ಸಾವಿರಕ್ಕೆ ಅವಳು ಹನ್ನೆರಡು ಸಲ ಬೆಲೆ ತೆರುತ್ತಾಳೆ.

ಇಂಥ ಆ್ಯಪ್‌ಗಳು ಮಾರುವ ಈ ಸರಕಿನ ಬಗ್ಗೆ ಅಂಕಣಕಾರನಿಗೆ ಸಹನೆ ಇಲ್ಲ. ರಿಸರ್ವ್ ಬ್ಯಾಂಕ್ 2022ರಲ್ಲೇ ಡಿಜಿಟಲ್ ಸಾಲ ಕೊಡುವವರಿಗೆ ಮಾರ್ಗಸೂಚಿ ಮಾಡಿದೆ. ಎಲ್ಲ ಖರ್ಚೂ ಸೇರಿಸಿ ವಾರ್ಷಿಕ ದರ ಎಷ್ಟಾಗುತ್ತದೆ ಎಂದು ಸಾಲ ಪಡೆಯುವವರಿಗೆ ಮೊದಲೇ ತಿಳಿಸಬೇಕು. ‘ಇದು ಸಾಲವೇ ಅಲ್ಲ, ನಿಮ್ಮದೇ ಸಂಬಳ’ ಎಂದುಬಿಟ್ಟರೆ ಆ ಶೇ 71 ಪರದೆ ಮೇಲೆ ಕಾಣಿಸುವುದೇ ಇಲ್ಲ, ಬರೀ 149 ಕಾಣಿಸುತ್ತದೆ. ಶುಲ್ಕವನ್ನು ಕಂಪನಿಯೇ ಭರಿಸಿ ನೌಕರನಿಂದ ಏನೂ ಮುರಿಯದಿದ್ದರೆ ಮಾತು ಬೇರೆ. ರಾಜ್ಯ ಸರ್ಕಾರಿ ನೌಕರರಿಗೆ ಬಡ್ಡಿಯಿಲ್ಲದ ಹಬ್ಬದ ಮುಂಗಡ ಇದೆ, ಕಂತಿನಲ್ಲಿ ಮುರಿದುಕೊಳ್ಳುತ್ತಾರೆ. ಹಳೆಯ ಕಾರ್ಖಾನೆಗಳಲ್ಲಿ ಒಂದು ವೋಚರ್ ಮೇಲೆ ಸಹಿ ಹಾಕಿದರೆ ಅಡ್ವಾನ್ಸ್ ಸಿಗುತ್ತಿತ್ತು, ಅದಕ್ಕೆ ಯಾರೂ ಶುಲ್ಕ ಹಾಕುತ್ತಿರಲಿಲ್ಲ. ಆಗ ಪುಕ್ಕಟೆ ಇದ್ದ ಸೌಕರ್ಯವನ್ನು ಈಗ ಹೊಸ ಹೆಸರಿಟ್ಟು ಮಾರುತ್ತಿದ್ದಾರೆ.

ಇನ್ನು ದುಡಿದ ದುಡ್ಡು ತಿಂಗಳ ಕೊನೆಯವರೆಗೂ ಅವರ ಹತ್ತಿರ ಯಾಕಿರಬೇಕು ಎಂಬ ಅವಳ ಪ್ರಶ್ನೆ. ಸಂಬಳದ ಬಗ್ಗೆ ಹೀಗೆ ಕೇಳುವವರು ಹಿಂದೆ ಕಡಿಮೆ. ಪೀಣ್ಯದ ಕಾರ್ಖಾನೆಯೊಂದರ ಸಂಬಳ ವಿಭಾಗದಲ್ಲಿ ಅಂಕಣಕಾರ ಕೆಲಸ ಶುರುಮಾಡಿದಾಗ ಬಟವಾಡೆ ಎಂದರೆ ನಿಜಕ್ಕೂ ಬಟವಾಡೆ. ಬ್ಯಾಂಕಿನಿಂದ ನೋಟಿನ ಕಟ್ಟು ಬರುತ್ತಿತ್ತು. ಕಂದು ಕವರುಗಳಲ್ಲಿ ಎಣಿಸಿ ತುಂಬಿ, ಹೊರಗೆ ಟೋಕನ್ ನಂಬರು ಬರೆದು ಇಟ್ಟರೆ ಶಿಫ್ಟ್ ಮುಗಿಸಿದವರು ಸಾಲಾಗಿ ಬಂದು ರೆವಿನ್ಯೂ ಸ್ಟಾಂಪಿನ ಮೇಲೆ ಸಹಿಯನ್ನೋ ಹೆಬ್ಬೆಟ್ಟನ್ನೋ ಒತ್ತಿ ಕವರು ಒಯ್ಯುತ್ತಿದ್ದರು. ಎಣಿಸಿ ನೋಡಿ ನೋಟು ಕಡಿಮೆ ಇದ್ದರೆ ಕೇಳುತ್ತಿದ್ದರು. ಆ ಮೊತ್ತ ಹೇಗೆ ಬಂತೆಂದು ಕೇಳಿದವರು ಅಪರೂಪ. ಓವರ್‌ಟೈಂ ಗಂಟೆ ತಪ್ಪಾಗಿದ್ದರೂ ‘ಮುಂದಿನ ತಿಂಗಳು ನೋಡೋಣ’ ಎಂದರೆ ಸುಮ್ಮನಾಗುತ್ತಿದ್ದರು.

ಇವತ್ತಿನ ಹುಡುಗರು ಸುಮ್ಮನಾಗುವುದಿಲ್ಲ, ಅದು ಒಳ್ಳೆಯದೇ. ಒಂದು ಸಣ್ಣ ಉದಾಹರಣೆ. ಕರ್ನಾಟಕದಲ್ಲಿ ವೃತ್ತಿ ತೆರಿಗೆ ತಿಂಗಳಿಗೆ 200 ರೂಪಾಯಿ. 2025ರ ಏಪ್ರಿಲ್‌ನಿಂದ ಜಾರಿಗೆ ಬಂದ ತಿದ್ದುಪಡಿಯಂತೆ ಫೆಬ್ರವರಿಯಲ್ಲಿ ಮಾತ್ರ 300, ಆಗ ವರ್ಷದ ಒಟ್ಟು 2,500 ಆಗುತ್ತದೆ. ಆ ನೂರು ರೂಪಾಯಿಗೆ ಪೇರೋಲ್ ವಿಭಾಗಕ್ಕೆ ಪ್ರಶ್ನೆ ಬರುತ್ತದೆ. ಮಧ್ಯಾಹ್ನ ಪೇಸ್ಲಿಪ್ ಬಂದರೆ ಸಂಜೆಗೆ ಸ್ಕ್ರೀನ್‌ಶಾಟ್ ಸಮೇತ ಬರುತ್ತದೆ, ಕೆಂಪು ಸುತ್ತು ಹಾಕಿ. ಅಕ್ಕನ ಮಗಳೂ ಸೇರಿದ ತಿಂಗಳಲ್ಲೇ ಕೇಳಿದ್ದಳು: 4.40 ಲಕ್ಷದ ಪ್ಯಾಕೇಜ್ ಅಂದರೆ ತಿಂಗಳಿಗೆ 36,600 ಬರಬೇಕು, ಬಂದದ್ದು 32,000, ಉಳಿದದ್ದೆಲ್ಲಿ? ಕಂಪನಿಯ ಪಾಲಿನ ಪಿಎಫ್ 1,800, ಅವಳ ಪಾಲಿನದು 1,800, ಗ್ರಾಚುಟಿಗೆಂದು ತೋರಿಸಿದ್ದು ಎಂಟುನೂರು ಚಿಲ್ಲರೆ, ವೃತ್ತಿ ತೆರಿಗೆ 200. ಕೇಳಿ ತಿಳಿದುಕೊಂಡಳು. ಐದು ವರ್ಷ ಇದ್ದರೆ ಮಾತ್ರ ಕೈಗೆ ಬರುವ ಗ್ರಾಚುಟಿಯನ್ನು ಪ್ಯಾಕೇಜಿನಲ್ಲಿ ಸೇರಿಸಿ ತೋರಿಸುವುದು ಸರಿಯೇ ಎಂದೂ ಕೇಳಿದಳು. ಸರಿಯಲ್ಲ ಎಂಬುದೇ ಅಂಕಣಕಾರನ ಅಭಿಪ್ರಾಯ.

ಹೀಗೆ ಕೇಳಿದವರಿಗೆ ಉತ್ತರ ಸಿಗದಿದ್ದರೆ ಏನಾಗುತ್ತದೆ ಎಂಬುದಕ್ಕೆ ಕೋಲಾರ ಜಿಲ್ಲೆಯ ನರಸಾಪುರ ಸಾಕ್ಷಿ. 2020ರ ಡಿಸೆಂಬರ್ 12ರ ಬೆಳಿಗ್ಗೆ ಐಫೋನ್ ಜೋಡಿಸುತ್ತಿದ್ದ ವಿಸ್ಟ್ರಾನ್ ಕಾರ್ಖಾನೆಯಲ್ಲಿ ರಾತ್ರಿ ಪಾಳಿ ಮುಗಿಸಿದ ಕಾರ್ಮಿಕರು ಗಾಜು ಒಡೆದರು, ವಾಹನ ಉರುಳಿಸಿದರು. ಅವರಲ್ಲಿ ಹೆಚ್ಚಿನವರು ಎಳೆಯ ವಯಸ್ಸಿನವರು, ಗುತ್ತಿಗೆಯವರು, ಡಿಪ್ಲೊಮಾ, ಡಿಗ್ರಿ ಮುಗಿಸಿದವರು. ಹೇಳಿದ್ದಕ್ಕಿಂತ ಕಡಿಮೆ ಸಂಬಳ ಬರುತ್ತಿದೆ, ಹನ್ನೆರಡು ಗಂಟೆಯ ಪಾಳಿಯ ಲೆಕ್ಕ ಹಿಡಿದಿಲ್ಲ ಎಂಬುದು ಅವರ ದೂರಾಗಿತ್ತು. ಧ್ವಂಸ ಮಾಡಿದ್ದನ್ನು ಯಾರೂ ಸಮರ್ಥಿಸಲಾಗದು. ಆದರೆ ಕೆಲವರಿಗೆ ಸಂಬಳ ಸರಿಯಾಗಿ, ಸಕಾಲಕ್ಕೆ ಸಿಕ್ಕಿರಲಿಲ್ಲವೆಂದು ಕಂಪನಿಯೇ ಆಮೇಲೆ ಒಪ್ಪಿ ಕ್ಷಮೆ ಕೇಳಿತು, ಭಾರತದ ವ್ಯವಹಾರ ನೋಡಿಕೊಳ್ಳುತ್ತಿದ್ದ ಉಪಾಧ್ಯಕ್ಷರನ್ನು ತೆಗೆಯಿತು. ಆ್ಯಪಲ್ ಹೊಸ ಕೆಲಸ ಕೊಡುವುದನ್ನು ನಿಲ್ಲಿಸಿತು. ಕಾರ್ಖಾನೆಗಳ ಇಲಾಖೆಯ ತನಿಖೆ ಬೊಟ್ಟು ಮಾಡಿದ್ದು ಹಾಜರಿ ದಾಖಲೆಯ ಲೋಪದ ಕಡೆಗೆ, ಕಾನೂನು ಬಲ್ಲವರಿಲ್ಲದ ಎಚ್‌ಆರ್ ವಿಭಾಗದ ಕಡೆಗೆ. ಕಡಿಮೆ ಅವಧಿಯಲ್ಲಿ ಸಾವಿರಾರು ಜನರನ್ನು ಸೇರಿಸಿಕೊಂಡ ಕಾರ್ಖಾನೆಯಲ್ಲಿ ಅಷ್ಟೂ ಜನರ ಹಾಜರಿಯನ್ನು ಸಂಬಳವಾಗಿ ಬದಲಿಸುವ ಮೇಜು ಬೆಳೆದಿರಲಿಲ್ಲ.

ಅದಕ್ಕೂ ಮೊದಲು, 2016ರ ಏಪ್ರಿಲ್ 18 ಮತ್ತು 19ರಂದು ಬೆಂಗಳೂರಿನ ಗಾರ್ಮೆಂಟ್ಸ್ ಹೆಣ್ಣುಮಕ್ಕಳು ಹೊಸೂರು ರಸ್ತೆ, ತುಮಕೂರು ರಸ್ತೆಗಳನ್ನು ತಡೆದು ನಿಂತದ್ದೂ ಪೇಸ್ಲಿಪ್ಪಿನ ಒಂದು ಸಾಲಿಗಾಗಿ. ಮಾಲೀಕರ ಪಾಲಿನ ಪಿಎಫ್ ಹಣವನ್ನು 58 ವರ್ಷದವರೆಗೆ ತೆಗೆಯುವಂತಿಲ್ಲ ಎಂಬ ಕೇಂದ್ರದ ಅಧಿಸೂಚನೆಯನ್ನು ವಿರೋಧಿಸಿ ಅವರು ಬೀದಿಗಿಳಿದರು. ಎರಡನೇ ದಿನವೇ ಸರ್ಕಾರ ಅದನ್ನು ಹಿಂತೆಗೆದುಕೊಂಡಿತು. ಸಂಬಳದ ಬಗ್ಗೆ ಪ್ರಶ್ನೆ ಕೇಳುವ ಗುಣ ಸಾಫ್ಟ್‌ವೇರಿನವರಿಂದ ಶುರುವಾಯಿತು ಎಂದುಕೊಳ್ಳುವವರು ಇದನ್ನು ಮರೆಯಬಾರದು.

ಪ್ರಶ್ನೆಗಳು ಬದಲಾದಂತೆ ಉತ್ತರ ಕೊಡುವವರ ಕೆಲಸವೂ ಬದಲಾಗಿದೆ. ಮಸ್ಟರ್ ರೋಲ್ ನೋಡಿ ದಿನ ಎಣಿಸುವ ಗುಮಾಸ್ತರ ಕೆಲಸ ಬಹುಮಟ್ಟಿಗೆ ಹೋಯಿತು. ಬೆಂಗಳೂರಿನ ಗ್ರೇಟ್ಎಚ್‌ಆರ್, ಹೈದರಾಬಾದಿನ ಕೇಕಾ, ಜೊಹೊ, ರೇಜರ್‌ಪೇ ಇವರ ತಂತ್ರಾಂಶಗಳು ಆ ಲೆಕ್ಕವನ್ನು ಕ್ಷಣದಲ್ಲಿ ಮುಗಿಸುತ್ತವೆ. ಉಳಿದಿರುವುದು ಕಷ್ಟದ ಭಾಗ. 20ನೇ ತಾರೀಖಿನ ಕಟ್-ಆಫ್ ಆದ ಮೇಲೆ ರಜೆ ಹಾಕಿದವನ ಸಂಬಳ ಹೇಗೆ, ವರ್ಷದ ಮಧ್ಯೆ ಸೇರಿದವಳಿಗೆ ಟಿಡಿಎಸ್ ಎಷ್ಟು, ತೆರಿಗೆಯ ಹಳೇ ರೆಜೀಮೋ ಹೊಸದೋ, ಮರುತಿಂಗಳ 7ರೊಳಗೆ ಟಿಡಿಎಸ್, 15ರೊಳಗೆ ಪಿಎಫ್ ಮತ್ತು ಇಎಸ್‌ಐ ಕಟ್ಟಾಯಿತೋ. ಇದರ ಮೇಲೆ ಹೊರದೇಶದ ಪೇರೋಲ್. ಬ್ರಿಟನ್ನಿನಲ್ಲಿ 2013ರಿಂದ ಸಂಬಳ ಕೊಡುವ ದಿನ ಅಥವಾ ಅದಕ್ಕೆ ಮುಂಚೆಯೇ ತೆರಿಗೆ ಇಲಾಖೆಗೆ ಪ್ರತಿಯೊಬ್ಬರ ವಿವರ ಹೋಗಬೇಕು. ಅಂಥ ಕೆಲಸವನ್ನು ಈಗ ಬೆಂಗಳೂರಿನ ಮೇಜುಗಳಲ್ಲಿ ಬಿ.ಕಾಂ. ಓದಿದ ಹುಡುಗ ಹುಡುಗಿಯರು ಮಾಡುತ್ತಿದ್ದಾರೆ.

ಈ ಕೆಲಸಕ್ಕೆ ಬರುವ ಎಳೆಯರೂ ಹಿಂದಿನವರಂತಲ್ಲ. ತಿಂಗಳ ಕೊನೆಯ ಮೂರು ರಾತ್ರಿ ಆಫೀಸಿನಲ್ಲೇ ಕಳೆಯುವುದನ್ನು ಹಿಂದಿನವರು ಹೆಮ್ಮೆ ಎಂದುಕೊಂಡಿದ್ದರು. ಈಗಿನವರು ಹಾಜರಿ ತಡವಾಗಿ ಕಳಿಸಿದ ಮ್ಯಾನೇಜರನ್ನು ನೇರವಾಗಿ ಕೇಳುತ್ತಾರೆ. ಎಕ್ಸೆಲ್ ಬಂದರೆ ಸಾಲದು, ವೇತನ ಸಂಹಿತೆ ಓದಿ ಅರ್ಥ ಮಾಡಿಕೊಳ್ಳಬೇಕು, ಅದನ್ನು ಇಪ್ಪತ್ತೆರಡರ ಹುಡುಗನಿಗೆ ತಿಳಿಯುವ ಹಾಗೆ ಹೇಳಲೂ ಬರಬೇಕು. ಇಂಥವರಿಗೆ ಇನ್ನೂ ಹಿಂದಿನ ಗುಮಾಸ್ತರ ಸ್ಥಾನವನ್ನೇ ಕೊಡುವ ಕಂಪನಿಗಳಿವೆ, ಅದು ದೊಡ್ಡ ತಪ್ಪು.

ಸಂಹಿತೆಯ ಮಾತು ಬಂತು. 2019ರಲ್ಲಿ ಸಂಸತ್ತು ಒಪ್ಪಿದ ವೇತನ ಸಂಹಿತೆ 2025ರ ನವೆಂಬರ್ 21ರಂದು ಜಾರಿಯಾಯಿತು. ಭತ್ಯೆಗಳು ಒಟ್ಟು ಸಂಬಳದ ಅರ್ಧ ಮೀರಿದರೆ ಮೀರಿದ ಭಾಗವೂ ವೇತನವೆಂದೇ ಲೆಕ್ಕ. ಕೈಗೆ ಬರುವ ಸಂಬಳ ಕುಸಿಯುತ್ತದೆ ಎಂಬ ಭಯ ವಾಟ್ಸ್‌ಆ್ಯಪ್‌ನಲ್ಲಿ ಹಬ್ಬಿತು. ಆದರೆ 15,000ದ ಮಿತಿಗೆ ಪಿಎಫ್ ಕಟ್ಟಿಸಿಕೊಳ್ಳುವವರಿಗೆ ಕಡಿತ ಹೆಚ್ಚುವುದಿಲ್ಲ, ಮೂಲ ವೇತನ ಅರ್ಧಕ್ಕಿಂತ ಕಡಿಮೆ ಇದ್ದವರಿಗೆ ಗ್ರಾಚುಟಿ ಹೆಚ್ಚುತ್ತದೆ. ನಿಗದಿತ ಅವಧಿಗೆ ನೇಮಕವಾದವರಿಗೆ ಒಂದೇ ವರ್ಷಕ್ಕೆ ಗ್ರಾಚುಟಿ ಸಿಗುವುದು ಇನ್ನೊಂದು ಸಂಹಿತೆಯಿಂದ.

ಇಷ್ಟೆಲ್ಲ ಕೇಳಿ ತಿಳಿಯುವ ಪೀಳಿಗೆ ತನ್ನ ಖರ್ಚಿನ ವಿಷಯದಲ್ಲಿ ಮಾತ್ರ ಯಾಕೆ ಇಷ್ಟು ಅವಸರ ಪಡುತ್ತದೆ? ಪೇಸ್ಲಿಪ್ಪಿನಲ್ಲಿ ನೂರು ರೂಪಾಯಿ ಹುಡುಕುವ ಕಣ್ಣು ಯುಪಿಐ ಇತಿಹಾಸವನ್ನು ತೆರೆದೇ ನೋಡುವುದಿಲ್ಲ. ತಿಂಗಳಿಗೆ ಎರಡು ಸಾವಿರದಂತೆ ಐದು ತಿಂಗಳು ಆರ್‌ಡಿ ಕಟ್ಟಿದರೆ ಹತ್ತು ಸಾವಿರ ಆಗುತ್ತದೆ, ಆಮೇಲೆ ಆ ಆ್ಯಪ್ ಬೇಕಾಗುವುದೇ ಇಲ್ಲ. ಆರ್‌ಡಿ ಹಣ ಸಂಬಳ ಬಿದ್ದ ಮರುದಿನವೇ ತಾನಾಗಿ ಕಡಿತವಾಗಬೇಕು. ಉಳಿದರೆ ಕಟ್ಟೋಣ ಎಂದವರಿಗೆ ಎಂದೂ ಉಳಿಯುವುದಿಲ್ಲ. ಫೋನಿನ ಇಎಂಐ ಮುಗಿಯುವ ಮೊದಲು ಮತ್ತೊಂದನ್ನು ಕಂತಿನಲ್ಲಿ ಕೊಳ್ಳಬಾರದು. ರಾತ್ರಿ ಹನ್ನೊಂದಕ್ಕೆ ಬಿರಿಯಾನಿ ತರಿಸುವುದು ವಾರಕ್ಕೆ ಒಂದು ಸಲ ಸಾಕು. ಮನೆಯಲ್ಲಿ ಕೇಳಲು ಸಂಕೋಚಪಡುವುದನ್ನೂ ಬಿಡಬೇಕು. ಅಪ್ಪನಿಗೆ ಗೊತ್ತಾಗಬಾರದೆಂದು ಶೇ 71 ಕಟ್ಟುವುದಕ್ಕಿಂತ ಎರಡು ಮಾತು ಕೇಳಿಸಿಕೊಳ್ಳುವುದು ಅಗ್ಗ. ಅಕ್ಕನ ಮಗಳು ಕೊನೆಗೆ ಅದನ್ನೇ ಮಾಡಿದಳು. ಅಪ್ಪ ಹಣ ಕಳಿಸಿದರು, ಬೈಯಲೂ ಇಲ್ಲ. ಆ ತಿಂಗಳಿನಿಂದ ಚಕ್ರ ನಿಂತಿತು.

ಸಂಬಳ ಬೇಗ ಬೇಕು ಎಂಬ ಹಟವನ್ನು ಎಳೆಯರು ಹಿಡಿಯಬೇಕಾದ ಜಾಗ ಬೇರೊಂದಿದೆ. ಅದು ಕೆಲಸ ಬಿಟ್ಟಾಗಿನ ಫುಲ್ ಅಂಡ್ ಫೈನಲ್ ಲೆಕ್ಕ. 1936ರ ವೇತನ ಪಾವತಿ ಕಾಯ್ದೆಯಲ್ಲಿ ಮಾಲೀಕ ತೆಗೆದುಹಾಕಿದರೆ ಎರಡನೇ ಕೆಲಸದ ದಿನದೊಳಗೆ ಸಂಬಳ ಕೊಡಬೇಕೆಂದಿತ್ತು, ಅದೂ ಒಂದು ಮಿತಿಯೊಳಗಿನ ಸಂಬಳದವರಿಗೆ ಮಾತ್ರ. ಹೊಸ ಸಂಹಿತೆ ಸಂಬಳದ ಮಿತಿಯನ್ನು ತೆಗೆದಿದೆ, ತಾನಾಗಿ ರಾಜೀನಾಮೆ ಕೊಟ್ಟವರನ್ನೂ ಸೇರಿಸಿದೆ. ಎರಡು ಕೆಲಸದ ದಿನ, ಅಷ್ಟೇ. ಆದರೂ 45 ದಿನ ಎಂಬ ಹಳೇ ರೂಢಿಯನ್ನೇ ಆಫರ್ ಲೆಟರಿನಲ್ಲಿ ಬರೆಯುವ ಕಂಪನಿಗಳಿವೆ. ಲ್ಯಾಪ್‌ಟಾಪ್ ವಾಪಸ್ ಬಂದಿಲ್ಲ, ಐಡಿ ಕಾರ್ಡಿಗೆ ಸಹಿ ಆಗಿಲ್ಲ, ಅಡ್ಮಿನ್‌ನವರು ರಜೆಯಲ್ಲಿದ್ದಾರೆ ಎಂದು ಒಂದೊಂದೇ ಕಾರಣ ಬರುತ್ತದೆ. ಪೀಣ್ಯದಲ್ಲಿ ಅಂಕಣಕಾರನ ಜೊತೆ ಕೆಲಸ ಕಲಿತು ಈಗ ಬೇರೆಡೆ ಪೇರೋಲ್ ನೋಡುವ ಹುಡುಗಿಯೊಬ್ಬಳು ಇದಕ್ಕೆ ಸುಲಭದ ದಾರಿ ಮಾಡಿಕೊಂಡಿದ್ದಾಳೆ. ನೋಟಿಸ್ ಅವಧಿಯ ಕೊನೆಯ ವಾರದಲ್ಲೇ ಲ್ಯಾಪ್‌ಟಾಪಿನ ಸೀರಿಯಲ್ ನಂಬರು, ಉಳಿದ ರಜೆ, ಬಾಕಿ ಬಿಲ್ಲುಗಳನ್ನು ಪಟ್ಟಿಮಾಡಿ ಹೋಗುವವರಿಗೆ ತೋರಿಸಿ ಒಪ್ಪಿಗೆ ಪಡೆಯುತ್ತಾಳೆ. ಕೊನೆಯ ದಿನ ಶುಕ್ರವಾರವಾದರೆ ಮಂಗಳವಾರದೊಳಗೆ ಹಣ ಅವರ ಖಾತೆಯಲ್ಲಿರುತ್ತದೆ.